ಮೂರು ಚಮಚ

ಅಂಗಡಿಯ ಬಾಗಿಲಿಗೆ ಒಂಬತ್ತು ಹಲಗೆ. ಒಂದೊಂದಕ್ಕೂ ಅಪ್ಪ ಬಿಳಿ ಬಣ್ಣದಲ್ಲಿ ನಂಬರು ಬರೆದಿದ್ದರು. ಬೆಳಿಗ್ಗೆ ಅವನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸುತ್ತಿದ್ದಾಗ ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಮರಿತಾಯಮ್ಮನ ಬೆರಳು ಸಿಕ್ಕಿಕೊಂಡಿತು. ಅವಳು ಕೂಗಲಿಲ್ಲ. ಬೆರಳನ್ನು ಎಳೆದುಕೊಂಡು, ಉಗುರಿನ ಬುಡದಲ್ಲಿ ನೀಲಿ ಹಬ್ಬುವುದನ್ನು ಬೇರೆ ಯಾರದೋ ಬೆರಳೆಂಬಂತೆ ನೋಡುತ್ತ ನಿಂತಳು. ನೋವು ಈಗ ಬರುತ್ತದೆ, ಇನ್ನೇನು ಬಂದುಬಿಡುತ್ತದೆ ಎಂದು ಕಾದಳು. ಬರಲಿಲ್ಲ. ಬಂದದ್ದು ಪಕ್ಕದ ಜವಳಿ ಅಂಗಡಿಯ ಪುಟ್ಟಬಸಪ್ಪನ ದನಿ. "ಏನಮ್ಮಿ, ನಿಮ್ಮಪ್ಪ ಮೊದಲ್ನೇ ಬಸ್ಸಿಗೇ ಗುಂಡ್ಲುಪೇಟೆಗೆ ಹೋದ್ರಾ? ಇವತ್ತೂ ಬಿ.ಎಸ್ಸಿ. ವ್ಯಾಪಾರನೇ ಅನ್ನು." ಅವಳು ಹೂಂ ಎಂದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಚಾಮರಾಜನಗರದ ಅಂಗಡಿ ಬೀದಿಯಲ್ಲಿ ಔಷಧಿ ಅಂಗಡಿಯ ಗಲ್ಲಾದ ಹಿಂದೆ ಒಬ್ಬ ಹುಡುಗಿ, ಅದರಲ್ಲೂ ಮೈಸೂರಿನಲ್ಲಿ ನಾಲ್ಕು ವರ್ಷ ಓದಿ ಬಂದವಳು, ಕೂರುವುದು ಪುಟ್ಟಬಸಪ್ಪನಿಗೆ ಎಂಟು ತಿಂಗಳಾದರೂ ಹಳೆಯದಾಗಿರಲಿಲ್ಲ. ಅವನ ಗಿರಾಕಿಗಳು ಪಂಚೆ ಕೊಂಡು ಹೊರಡುವಾಗ ಒಂದು ಕ್ಷಣ ಇತ್ತ ಇಣುಕಿ ಹೋಗುತ್ತಿದ್ದರು.

ಅವಳು ಒಳಗೆ ಹೋಗಿ ಸ್ಟೂಲಿನ ಮೇಲೆ ಕುಳಿತಳು. ಎದುರಿಗೆ ಕಪಾಟು. ಕಪಾಟಿನ ಮೇಲಿನ ಸಾಲಿನಲ್ಲಿ ಆರು ತಗಡಿನ ಡಬ್ಬಗಳು, ಒಂದೊಂದರ ಮೇಲೂ ಕೆನ್ನೆ ತುಂಬಿದ ಅದೇ ಬಿಳಿಯ ಮಗು ಅದೇ ನಗೆ ನಗುತ್ತಿತ್ತು. ಡೆನ್ಮಾರ್ಕ್ ದೇಶದ ಪ್ರೋಟೀನ್ ಪುಡಿ. ಹಡಗಿನಲ್ಲಿ ಮದರಾಸಿಗೆ, ಮದರಾಸಿನಿಂದ ರೈಲಿನಲ್ಲಿ ಮೈಸೂರಿಗೆ, ಅಲ್ಲಿಂದ ಇಲ್ಲಿಗೆ ಬರುವ ಈ ಪುಡಿಯನ್ನು ಹಳ್ಳಿಯವರು ಸೀಮೆಪುಡಿ ಎನ್ನುತ್ತಿದ್ದರು, ಸೀಮೆಎಣ್ಣೆ, ಸೀಮೆಸುಣ್ಣ ಎಂದ ಹಾಗೆ. ಅವಳ ಅಪ್ಪ ಲಿಂಗಯ್ಯ ಇಪ್ಪತ್ತೆರಡು ವರ್ಷ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಸೊರಗಿದ ಮಕ್ಕಳಿಗೆ, ಬಾಣಂತಿಯರಿಗೆ, ಕ್ಷಯದಿಂದ ಎದ್ದವರಿಗೆ ಡಾಕ್ಟರುಗಳು ಚೀಟಿಯಲ್ಲಿ ಏನು ಬರೆಯುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಪಿಂಚಣಿ ಬಂದ ಮೇಲೆ ಅಂಗಡಿ ಇಟ್ಟು, ಮದರಾಸಿನ ಆಮದು ಕಂಪನಿಗೆ ಕಾಗದ ಬರೆಸಿ, ಡಬ್ಬ ತರಿಸಿದ್ದರು. ಇಂಗ್ಲಿಷಿನಲ್ಲಿ ಕಾಗದ ಬರೆದವಳು ಅವಳೇ. ಉತ್ತರ ಬಂದಾಗ ಅಪ್ಪನಿಗೆ ಓದಿ ಹೇಳಿದವಳೂ ಅವಳೇ. ಹೊಸ ಪೈಸೆ ಬಂದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬಂದ ಕಾಗದವನ್ನು ಮಾತ್ರ ಅವಳು ಎರಡು ಸಲ ಓದಬೇಕಾಯಿತು. ವಿದೇಶಿ ಹಣದ ಅಭಾವದಿಂದ ಸರ್ಕಾರ ಆಮದು ಲೈಸೆನ್ಸುಗಳನ್ನು ಬಿಗಿ ಮಾಡಿದೆ, ಇನ್ನು ಮುಂದೆ ನಿಮಗೆ ಹಿಂದಿನದರ ಮೂರನೆಯ ಒಂದು ಪಾಲು ಮಾತ್ರ ಕಳಿಸಬಲ್ಲೆವು, ವಿಷಾದಿಸುತ್ತೇವೆ.

"ಮೂರರಲ್ಲಿ ಒಂದಾ?" ಎಂದು ಅಪ್ಪ ಕೇಳಿದ್ದರು. ಊಟದ ತಟ್ಟೆಯ ಮುಂದೆ ಕುಳಿತಿದ್ದವರು ಸ್ವಲ್ಪ ಹೊತ್ತು ಮುದ್ದೆಯನ್ನು ಬೆರಳಲ್ಲಿ ಅದುಮುತ್ತ ಇದ್ದು, ತಲೆಯೆತ್ತಿ, ಅಷ್ಟೇನೂ ದೊಡ್ಡ ವಿಷಯವಲ್ಲ ಎಂಬಂತೆ, "ಹಂಗಾದ್ರೆ ಒಂದನ್ನ ಮೂರು ಮಾಡ್ಬೇಕು ಕಣಮ್ಮಿ" ಎಂದರು. ಅದೇ ಭಾನುವಾರ ಮನೆಯ ನಡುಮನೆಯಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿ ಕುಳಿತರು. ಬಟ್ಟಿಯಿಂದ ತಂದ ಹುರಿಗಡಲೆಯನ್ನು ಮಿಷನ್ನಿನಲ್ಲಿ ನುಣ್ಣಗೆ ಬೀಸಿಸಿ, ಅಮ್ಮನ ಹಳೆಯ ಮಲ್ಲು ಸೀರೆಯಲ್ಲಿ ಸೋಸಿ ವಸ್ತ್ರಗಾಳ ಹಿಡಿದರು. ಒಂದು ಪಾವು ಸೀಮೆಪುಡಿಗೆ ಎರಡು ಪಾವು ಕಡಲೆಹಿಟ್ಟು. ಕಾಂಪೌಂಡರನ ಕೈ. ಎಲ್ಲಿ ಒಂದು ಮುಗಿಯಿತು ಎಲ್ಲಿ ಇನ್ನೊಂದು ಶುರುವಾಯಿತು ಎಂದು ಕಣ್ಣಿಗೆ ಕಾಣದ ಹಾಗೆ ಬೆರೆಸಿದರು. ಅವಳು ಎದುರಿಗೆ ಕುಳಿತು ನೋಡುತ್ತಿದ್ದಳು. ಇದು ತಪ್ಪು ಎಂದು ಹೇಳಬೇಕಿತ್ತು. ಕಾಲೇಜಿನಲ್ಲಿ ಹಾಜರಿ ಕೂಗುವಾಗ ಲೆಕ್ಚರರು "ಎಲ್. ಮರಿತಾಯಮ್ಮ" ಎಂದು ಓದುವ ಮೊದಲು ದಿನವೂ ಒಂದು ಕ್ಷಣ ತಡೆಯುತ್ತಿದ್ದರು. ಹಿಂದಿನ ಬೆಂಚಿನಲ್ಲಿ ದಿನವೂ ಯಾರೋ ಮೂಗಿನಲ್ಲಿ ನಗುತ್ತಿದ್ದರು. ಇವಳು 'ಪ್ರೆಸೆಂಟ್' ಎಂದದ್ದು ಎಷ್ಟೋ ದಿನ ಅವರಿಗೆ ಕೇಳಿಸುತ್ತಲೇ ಇರಲಿಲ್ಲ. ಕೂತಲ್ಲೇ ಕೂತಿದ್ದು ಗೈರುಹಾಜರಾದವಳು. ಆ ಭಾನುವಾರವೂ ಹಾಗೆಯೇ ಆಯಿತು. ಆ ಮಾತು ಉಳಿದು, ಬಾಯಿಂದ ಬಂದದ್ದು ಬೇರೆ: "ಹಂಗಾದ್ರೆ ಅಪ್ಪ, ಒಂದು ಚಮಚ ಅಂತ ಕೊಡಬಾರದು. ಮೂರು ಚಮಚ ಅನ್ನಬೇಕು. ಆಗ ಮಗುವಿಗೆ ಅಷ್ಟೇ ಸೇರುತ್ತೆ." ಅಪ್ಪನ ಮುಖ ಅರಳಿತು. "ನೋಡ್ದಾ, ಓದ್ಸಿದ್ದಕ್ಕೂ ಸಾರ್ಥಕ." ಆ ರಾತ್ರಿ ಅವಳು ನೂರು ಚೀಟಿ ಬರೆದಳು, ದುಂಡಗಿನ ಅಕ್ಷರದಲ್ಲಿ, 'ಬಿಸಿನೀರಿಗೆ ಮೂರು ಚಮಚ, ದಿನಕ್ಕೆ ಎರಡು ಸಲ.' ಮೈದಾದ ಅಂಟಿನಿಂದ ಪೊಟ್ಟಣಗಳಿಗೆ ಹಚ್ಚಿದಳು. ಲೆಕ್ಕ ಸರಿಯಾಗಿತ್ತು. ಮಗುವಿಗೆ ಸಲ್ಲಬೇಕಾದ್ದು ಸಲ್ಲುತ್ತಿತ್ತು. ಅದನ್ನು ಅವಳು ಎಷ್ಟು ಸಲ ಹೇಳಿಕೊಂಡಳೆಂದರೆ ಕೊನೆಗೆ ಅದಕ್ಕೆ ಯಾವ ಅರ್ಥವೂ ಉಳಿಯಲಿಲ್ಲ, ಬಾಯಲ್ಲಿ ಹೆಚ್ಚು ಹೊತ್ತು ಇಟ್ಟುಕೊಂಡ ಬೆಲ್ಲದಂತೆ ಕರಗಿ ಬರೀ ಎಂಜಲಾಯಿತು.

ಬೀದಿಯಲ್ಲಿ ಎತ್ತಿನ ಗಾಡಿಯೊಂದು ಅರಿಸಿನದ ಮೂಟೆ ಹೊತ್ತು ಸಾಗಿತು. ಅದರ ವಾಸನೆ ಅಂಗಡಿಯೊಳಗೆ ಬಂದು, ಟಿಂಕ್ಚರಿನ ವಾಸನೆಯ ಜೊತೆ ಕಲೆತು ನಿಂತಿತು. ದೊಡ್ಡಮಾದಮ್ಮ ಮೊದಲ ಸಲ ಬಂದಾಗಲೂ ಅವಳ ಸೀರೆಗೆ ಇದೇ ವಾಸನೆ ಇತ್ತು. ಗುಂಡ್ಲುಪೇಟೆಯಾಚೆ ಭೀಮನಬೀಡಿನ ಮುದುಕಿ. ಸೊಸೆ ಚಿಕ್ಕನಿಂಗಮ್ಮನಿಗೆ ಎದೆಯಲ್ಲಿ ಹಾಲು ಬತ್ತಿ, ಒಂದೂವರೆ ವರ್ಷದ ಮೊಮ್ಮಗ ಪುಟ್ಟಮಾದುವಿಗೆ ಕಾಲು ಊದಿ, ಕೂದಲು ಕೆಂಚಗಾಗಿ, ಮಗು ಅಳುವುದನ್ನೂ ಬಿಟ್ಟಿತ್ತಂತೆ. ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ದೊಡ್ಡಮಾದಮ್ಮ ಚೀಟಿಯನ್ನು ಎಲೆಅಡಿಕೆ ಚೀಲದಿಂದ ತೆಗೆದು, ಅದರ ಮೇಲಿನ ಸುಣ್ಣವನ್ನು ಸೆರಗಿನಿಂದ ಒರೆಸಿ ಕೊಟ್ಟಳು. ಮರಿತಾಯಮ್ಮ ಪೊಟ್ಟಣ ಕೊಟ್ಟಳು. ಪೊಟ್ಟಣದ ಮೇಲಿನ ಚೀಟಿ ಓದಿ ಹೇಳಿದಳು, ಮೂರು ಚಮಚ. ಮುದುಕಿ ಮೂರು ಬೆರಳು ಎತ್ತಿ ತೋರಿಸಿ, "ಮೂರು?" ಎಂದಳು. ಇವಳೂ ಮೂರು ಬೆರಳು ಎತ್ತಿದಳು. ಹದಿನೈದು ದಿನಕ್ಕೊಮ್ಮೆ ಅವಳು ಬರತೊಡಗಿದಳು. ಬಂದಾಗಲೆಲ್ಲ ಒಂದೊಂದು ಸುದ್ದಿ. ಕಾಲಿನ ಊತ ಇಳಿದದ. ನಗ್ತದ ಕಣವ್ವ. ಗ್ವಾಡೆ ಹಿಡ್ಕಂಡು ನಿಂತ್ಕತದ. ನಾಲ್ಕನೆಯ ಸಲ ಬಂದಾಗ ಪೊಟ್ಟಣ ಕೈಗೆ ತೆಗೆದುಕೊಳ್ಳದೆ, ಗಲ್ಲಾದ ಮೇಲಿಂದ ಬಗ್ಗಿ ಮರಿತಾಯಮ್ಮನ ಕೆನ್ನೆ ನೀವಿ ನೆಟಿಗೆ ಮುರಿದಳು. "ನಿನ್ ಕೈಗುಣ ದೊಡ್ಡದು ಕಣವ್ವ. ನಮ್ಮನೆ ದೀಪ ನೀನೇ ಉಳಿಸ್ಬುಟ್ಟೆ." ಆ ಬೆರಳುಗಳು ಒರಟಾಗಿದ್ದವು, ಬೆಚ್ಚಗಿದ್ದವು.  ಅಪ್ಪ ಅಂಗಡಿಯಲ್ಲಿ ಇರಲಿಲ್ಲ. ಅವಳು ಪೊಟ್ಟಣವನ್ನು ಹಿಂದಕ್ಕೆ ಇಟ್ಟು, ಸ್ಟೂಲು ಹತ್ತಿ, ಮೇಲಿನ ಸಾಲಿನಿಂದ ಮೊಹರು ಒಡೆಯದ ಡಬ್ಬವೊಂದನ್ನು ತೆಗೆದು ಮುದುಕಿಯ ಮುಂದೆ ಇಟ್ಟಳು. "ಇದು ತಗೊಳ್ಳಿ. ಇದೇ ಬೆಲೆಗೆ." ಆ ಒಂದು ಗಳಿಗೆ ಮೈ ಹಗುರಾಗಿತ್ತು. ಮುದುಕಿ ಡಬ್ಬದ ಮಗುವನ್ನು ನೋಡಿ ನಗುತ್ತ ಮರೆಯಾಗುವ ತನಕ ಹಗುರಾಗಿಯೇ ಇತ್ತು. ಚಮಚದ ವಿಷಯ ಹೇಳಲಿಲ್ಲ ಎಂಬುದು ಅವಳಿಗೆ ನೆನಪಾದದ್ದು ಮನೆಗೆ ಹೋಗಿ ತಲೆ ಬಾಚಿಕೊಳ್ಳುವಾಗ. ಬಾಚಣಿಗೆ ಕೂದಲಲ್ಲೇ ನಿಂತಿತು. ಒಂದೇ ಚಮಚ ಎನ್ನಬೇಕಿತ್ತು. ಭೀಮನಬೀಡಿಗೆ ಕಾಗದ ಬರೆಯಬಹುದು, ಓದುವವರು ಯಾರು? ಗುಂಡ್ಲುಪೇಟೆಗೆ ಹೋಗುವ ಅಪ್ಪನ ಕೈಲಿ ಹೇಳಿ ಕಳಿಸಬಹುದು, ಡಬ್ಬ ಯಾಕೆ ಕೊಟ್ಟೆ ಎಂದರೆ? ನಾಳೆ ನೋಡೋಣ ಎಂದುಕೊಂಡಳು. ಮಾರನೆಯ ದಿನವೂ ನಾಳೆ ಎಂದುಕೊಂಡಳು. ಹೀಗೆ ಇವತ್ತಿಗೆ ಇಪ್ಪತ್ತು ದಿನ.

"ಲಿಂಗಯ್ಯನವರ ಅಂಗಡಿ ಇದೇನಾ?"

ಖಾಕಿ ಕೋಟು ತೊಟ್ಟ ಮಧ್ಯವಯಸ್ಸಿನವರು ಮೆಟ್ಟಿಲ ಕೆಳಗೆ ನಿಂತಿದ್ದರು. ಕಂಕುಳಲ್ಲಿ ತಗಡಿನ ಪೆಟ್ಟಿಗೆ. ತಾವು ಆಹಾರ ಕಲಬೆರಕೆ ಕಾನೂನಿನ ಇನ್‌ಸ್ಪೆಕ್ಟರು ಎಂದು ಹೇಳಿಕೊಂಡರು. ಹೇಳುವ ದನಿಯಲ್ಲಿ ಗತ್ತಿಗಿಂತ ಆಯಾಸವೇ ಹೆಚ್ಚಾಗಿತ್ತು. ಅವರ ಹಿಂದೆ, ಬೀದಿಯ ಬಿಸಿಲಿನಲ್ಲಿ, ಡಬ್ಬವನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ದೊಡ್ಡಮಾದಮ್ಮ ನಿಂತಿದ್ದಳು. ಮರಿತಾಯಮ್ಮ ಎದ್ದು ನಿಂತಳು. ಮಗು ಹೋಯಿತು ಎಂದುಕೊಂಡಳು. ಹಾಗೆಂದುಕೊಂಡಾಗಲೂ ಒಳಗೆ ಏನೂ ಅಲ್ಲಾಡಲಿಲ್ಲ. ಆ ಸ್ತಬ್ಧತೆಯಿಂದಲೇ ಅವಳಿಗೆ ಭಯವಾಯಿತು.

"ಈ ಅಜ್ಜಿ ದೂರು ಕೊಟ್ಟಿದ್ದಾರಮ್ಮ. ನಿಮ್ಮ ಪುಡಿ ತಿಂದು ಮಗುವಿಗೆ ಒಂದು ವಾರ ಭೇದಿ ಆಯಿತಂತೆ."

"ಏಳ್ ದಿನ!" ದೊಡ್ಡಮಾದಮ್ಮ ಮೆಟ್ಟಿಲು ಹತ್ತಿ ಬಂದಳು. "ಏಳ್ ದಿನ ನೀರ್ ನೀರಾಗಿ ಹೋಗ್ಬುಟ್ಟದ ಸ್ವಾಮಿ. ಕಣ್ಣು ಒಳೀಕೆ ಹೋಗಿ, ತುಟಿ ಒಣಗಿ... ಮಾದಪ್ಪನ ದಯ, ಈಗ ಗಂಜಿ ಇಳೀತಾ ಅದ. ನಿಂತ್ಕತಿದ್ದ ಮಗ ಈಗ ಕುಂತ್ಕಳ್ಳಾಕೂ ಆಗ್ದು." ಮರಿತಾಯಮ್ಮನತ್ತ ತಿರುಗಿದಳು. ಕೋಪವಿರಲಿಲ್ಲ, ಬೇಡಿಕೊಳ್ಳುವಂತಿತ್ತು ಮುಖ. "ನೀನಲ್ಲ ಕಣವ್ವ, ನಿನ್ನ ಅಂತಾ ಇಲ್ಲ ನಾನು. ಮೊದ್ಲು ಕೊಡ್ತಿದ್ದ ಪೊಟ್ಣ ಚೆಂದಾಗಿತ್ತು. ಈ ಡಬ್ಬದಲ್ಲೇ ಏನೋ ದೋಸ ಅದ. ಯಾರೋ ನಿಂಗೂ ಮೋಸ ಮಾಡವ್ರೆ. ಅದ ಒಂದ್ ಕಾಗ್ದದ ಮೇಲೆ ಬರ್ಸ್ಕೊಡಿ ಸ್ವಾಮಿ, ನನ್ ಸೊಸೆಗೆ ತೋರ್ಸ್ಬೇಕು. ಅವ್ಳು ನನ್ ಕೈಲೇ ಏನೋ ಆಗದ ಅಂತಾಳೆ. ಮಗೀಗೆ ಕುಡ್ಸೋಳು ನಾನು ನೋಡಿ. ಎಂಟ್ ದಿನದಿಂದ ಮಗೀನ ಮುಟ್ಟಾಕ್ ಬುಟ್ಟಿಲ್ಲ."

ಮೆಟ್ಟಿಲ ಹತ್ತಿರ ನಾಲ್ಕಾರು ಜನ ಸೇರಿದ್ದರು. ಸಾಕ್ಷಿಗೆ ಒಬ್ಬರು ಬೇಕು ಎಂದಾಗ ಪುಟ್ಟಬಸಪ್ಪ ಹೆಗಲ ಮೇಲಿನ ಅಳತೆ ಟೇಪನ್ನು ತೆಗೆಯದೆಯೇ ಬಂದು ನಿಂತ. ಇನ್‌ಸ್ಪೆಕ್ಟರು ಪೆಟ್ಟಿಗೆ ತೆರೆದರು. ಮೂರು ಖಾಲಿ ಸೀಸೆ, ದಾರದ ಉಂಡೆ, ಅರಗಿನ ಕಡ್ಡಿ, ಮೇಣದಬತ್ತಿ, ಹಿತ್ತಾಳೆಯ ಮೊಹರು. ತೆರೆದ ಡಬ್ಬವನ್ನು ತಾವು ಮುಟ್ಟುವ ಹಾಗಿಲ್ಲ, ಅಂಗಡಿಯಲ್ಲಿರುವುದನ್ನು ತಾವು ಕ್ರಯಕ್ಕೆ ಕೊಳ್ಳಬೇಕು, ಮೂರು ಪಾಲು ಮಾಡಬೇಕು, ಒಂದು ಪಾಲು ಅಂಗಡಿಗೇ ಬಿಡಬೇಕು, ಒಂದು ಪರೀಕ್ಷೆಗೆ, ಒಂದು ತಮ್ಮಲ್ಲಿ. ಇದನ್ನೆಲ್ಲ ಅವರು ಮಂತ್ರ ಒಪ್ಪಿಸುವಂತೆ ಒಪ್ಪಿಸಿದರು. "ಅಜ್ಜಿಗೆ ನೀವು ಯಾವುದನ್ನು ಮಾರಿದಿರೋ ಅದನ್ನೇ ಕೊಡಿ."

ಮರಿತಾಯಮ್ಮನ ಮೊಣಕಾಲು ಗಲ್ಲಾದ ಕೆಳಗಿನ ಖಾನೆಗೆ ತಗುಲುತ್ತಿತ್ತು. ಆ ಖಾನೆಯಲ್ಲಿ ಅಪ್ಪ ಗುಂಡ್ಲುಪೇಟೆಗೆ ಮಾರಲು ಒಯ್ದು ಉಳಿದ ಹನ್ನೊಂದು ಬೆರಕೆ ಪೊಟ್ಟಣಗಳಿದ್ದವು. ಅವಳು ಸ್ಟೂಲು ಹತ್ತಿದಳು. ಅಜ್ಜಿಗೆ ಕೊನೆಗೆ ಮಾರಿದ್ದು ಡಬ್ಬವೇ ಅಲ್ಲವೆ. ಸುಳ್ಳೇನಿದೆ? ಮೇಲಿನ ಸಾಲಿಗೆ ಕೈ ಚಾಚಿದಾಗ ಕಂಕುಳ ಬೆವರು ಎಲ್ಲರಿಗೂ ಕಾಣುತ್ತದೆ ಎಂಬುದೊಂದೇ ಅವಳ ತಲೆಯಲ್ಲಿ ಇತ್ತು. ಡಬ್ಬ ಇಳಿಸಿ ಕೊಟ್ಟಳು. ಇನ್‌ಸ್ಪೆಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಮುಚ್ಚಳದ ಕೆಳಗಿನ ತಗಡಿನ ಹಾಳೆ ಹರಿದು, ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡರು. ಮುಖ ಸಡಿಲಾಯಿತು. "ಅಜ್ಜಿ, ಇದರಲ್ಲಿ ಮೋಸ ಎಲ್ಲಿಂದ ಬರಬೇಕು? ಅಲ್ಲೇ ಮೊಹರು ಹಾಕಿ ಹಡಗಿನಲ್ಲಿ ಕಳಿಸಿರೋದು. ನೀನು ಹೇಗೆ ಕುಡಿಸಿದೆ ಹೇಳು."

"ಬಿಸ್ನೀರ್ಗೆ ಮೂರ್ ಚಮಚ. ಯಾವಾಗ್ಲೂ ಹಂಗೇ."

"ಮೂರು?" ಅವರು ಡಬ್ಬದ ಬೆನ್ನನ್ನು ಬೆಳಕಿಗೆ ಹಿಡಿದು, ಇಂಗ್ಲಿಷನ್ನು ಬೆರಳಿಟ್ಟು ಓದಿದರು. "ಒಂದು ಅಂತ ಬರೆದಿದೆ. ಒಂದೇ ಒಂದು, ಅದೂ ಅಂಚಿಗೆ ಸಮ ಮಾಡಿ."

ಪುಟ್ಟಬಸಪ್ಪ ತೊಡೆ ತಟ್ಟಿದ. "ಒಂದ್ ಹಾಕೋ ಕಡೆ ಮೂರ್ ಹಾಕಿದ್ರೆ ಮಗ ಅಲ್ಲ, ಕೋಣನ ಹೊಟ್ಟೆನೂ ಬುಟ್ಕತದೆ ಕಣಜ್ಜಿ! ಬೇಗ ದಪ್ಪ ಆಗ್ಲಿ ಅಂತ ಆಸೆ ಬಿದ್ದೆ ಅನ್ನು." ಮೆಟ್ಟಿಲ ಹತ್ತಿರ ನಗು ಎದ್ದಿತು. ಯಾರೋ, "ಸೊಸೆ ಹೇಳಿದ್ದೇ ಸರಿಯಾಯ್ತಲ್ಲಪ್ಪ" ಎಂದರು.

ದೊಡ್ಡಮಾದಮ್ಮ ನಗಲಿಲ್ಲ. ಒಬ್ಬೊಬ್ಬರ ಬಾಯನ್ನೂ ನೋಡಿದಳು. ಆಮೇಲೆ ಕೈ ಎತ್ತಿ, ಮೂರು ಬೆರಳು ಬಿಡಿಸಿ, ಮರಿತಾಯಮ್ಮನ ಕಡೆಗೆ ಹಿಡಿದಳು. "ಈ ಅವ್ವನೇ ಹೇಳ್ಕೊಟ್ಟಿದ್ದು. ಇದೇ ಜಾಗದಲ್ಲಿ. ಹೇಳವ್ವ, ಮೂರು ಅನ್ನಿಲ್ವಾ ನೀನು?"

ಎಲ್ಲರೂ ಇವಳತ್ತ ತಿರುಗಿದರು. ನೊಣವೊಂದು ಡಬ್ಬದ ಬಾಯಂಚಿನ ಮೇಲೆ ಕುಳಿತು ಕೈ ಉಜ್ಜಿಕೊಳ್ಳುತ್ತಿತ್ತು. ಮೂರು ಎಂದದ್ದು ನಾನೇ ಎನ್ನಬೇಕು. ಅಂದರೆ ಮೂರು ಯಾಕೆ ಎಂದು ಕೇಳುತ್ತಾರೆ. ಆಗ ಖಾನೆ ಎಳೆಯಬೇಕು. ಖಾನೆ ಎಳೆದರೆ ಅಪ್ಪ, ಇಪ್ಪತ್ತೆರಡು ವರ್ಷ ಸೀಸೆಗಳಿಗೆ ಔಷಧಿ ಅಳೆದುಕೊಟ್ಟ ಅಪ್ಪ, ಕೋರ್ಟಿನ ಕಟಕಟೆಯಲ್ಲಿ ಕೋಟಿನ ಗುಂಡಿ ಹಾಕಿಕೊಂಡು ನಿಲ್ಲಬೇಕು. ಇದೆಲ್ಲ ಅವಳ ಮನಸ್ಸಿನಲ್ಲಿ ಬಹಳ ನಿಧಾನವಾಗಿ, ಸ್ಪಷ್ಟವಾಗಿ ಸರಿದುಹೋಯಿತು. ಪರೀಕ್ಷೆಯ ಹಾಲಿನಲ್ಲಿ ಗೊತ್ತಿರುವ ಪ್ರಶ್ನೆಗೆ ಉತ್ತರ ಬರೆಯುವಾಗಿನ ಹಾಗೆ. "ಡಬ್ಬ ಕೊಡುವಾಗ ನಾನು ಮೂರು ಚಮಚ ಅಂತ ಹೇಳಿಲ್ಲ," ಎಂದಳು. ಎಲ್ಲರಿಗೂ ಕೇಳಿಸಿತು. ಅಕ್ಷರ ಅಕ್ಷರವೂ ನಿಜವಾಗಿತ್ತು.

ದೊಡ್ಡಮಾದಮ್ಮನ ಬೆರಳುಗಳು ಸ್ವಲ್ಪ ಹೊತ್ತು ಹಾಗೇ ಗಾಳಿಯಲ್ಲಿ ಇದ್ದವು. ಮಡಿಸುವುದನ್ನು ಮರೆತವಳಂತೆ. ಆಮೇಲೆ ಒಂದೊಂದಾಗಿ ಮಡಿಸಿದಳು. "ಹಂಗಾದ್ರೆ ನಾನೇ," ಎಂದಳು, ಯಾರಿಗೂ ಅಲ್ಲ. "ನಾನೇಯಾ."

ಇನ್‌ಸ್ಪೆಕ್ಟರು ಮೇಣದಬತ್ತಿ ಹಚ್ಚಿದರು. ಬಂದ ತಪ್ಪಿಗೆ ಕಾನೂನು ಮುಗಿಸಲೇಬೇಕಲ್ಲ. ಪುಡಿಯನ್ನು ಮೂರು ಸೀಸೆಗೆ ತುಂಬಿ, ಕಾಗದ ಸುತ್ತಿ, ದಾರ ಬಿಗಿದು, ಗಂಟಿನ ಮೇಲೆ ಅರಗನ್ನು ತೊಟ್ಟಿಕ್ಕಿಸಿ ಮೊಹರು ಒತ್ತಿದರು. ಸುಟ್ಟ ಅರಗಿನ ವಾಸನೆ ಅಂಗಡಿ ತುಂಬಿತು. 'ಮಾರಿದವರ ಸಹಿ' ಎಂಬಲ್ಲಿ ಅವಳು ಎಲ್. ಮರಿತಾಯಮ್ಮ, ಬಿ.ಎಸ್ಸಿ. ಎಂದು ಬರೆದಳು. ಬಿ.ಎಸ್ಸಿ. ಬರೆಯಬೇಕಾಗಿರಲಿಲ್ಲ. "ಓದಿದೋರು ಅಂಗಡೀಲಿ ಕೂತರೆ ನಮಗೂ ಕೆಲಸ ಸುಲಭ," ಎಂದು ಇನ್‌ಸ್ಪೆಕ್ಟರು ಮೆಚ್ಚಿ, ಅಂಗಡಿಯ ಪಾಲಿನ ಸೀಸೆಯನ್ನು ಅವಳ ಕೈಗೆ ಕೊಟ್ಟರು. ಅದರ ಅರಗು ಇನ್ನೂ ಬಿಸಿಯಿತ್ತು. ನೋಡಿದಾಗ ಮುದುಕಿ ನಿಂತಿದ್ದ ಜಾಗ ಖಾಲಿಯಾಗಿತ್ತು.

ಎಲ್ಲರೂ ಚದುರಿದ ಮೇಲೆ ಅವಳು ಸ್ಟೂಲಿನ ಮೇಲೆ ಕುಳಿತಳು. ಗಿರಾಕಿಯೊಬ್ಬ ಬಂದು ತಲೆನೋವಿನ ಮಾತ್ರೆ ಕೇಳಿದ, ಕೊಟ್ಟಳು. ಇನ್ನೊಬ್ಬಳು ಹಿಂಗಿನ ಡಬ್ಬಿ ಕೇಳಿದಳು, ಇಲ್ಲ ಎಂದಳು. ಹೀಗೇ ಸಂಜೆಯಾಗುತ್ತದೆ, ಅಪ್ಪ ಬರುತ್ತಾರೆ, ಸೀಸೆ ತೋರಿಸಿದರೆ ಬೆನ್ನು ತಟ್ಟುತ್ತಾರೆ, ರಾತ್ರಿ ಊಟ ಮಾಡುತ್ತೇವೆ ಎಂದುಕೊಂಡಳು. ಹಾಗೆ ಅಂದುಕೊಳ್ಳುತ್ತಿದ್ದಾಗಲೇ ಅವಳ ಕಾಲುಗಳು ಮೆಟ್ಟಿಲು ಇಳಿದಿದ್ದವು. "ಒಂದು ಗಳಿಗೆ ನೋಡ್ಕೊಳ್ಳಿ," ಎಂದು ಪುಟ್ಟಬಸಪ್ಪನಿಗೆ ಹೇಳಿದ್ದು ಅವಳೇ ಇರಬೇಕು. ಬೀದಿಯಲ್ಲಿ ಹೆಣ್ಣುಮಕ್ಕಳು ಓಡಬಾರದು, ಆದ್ದರಿಂದ ಓಡದೆ ಓಡಿದಳು. ಬಸ್‌ಸ್ಟ್ಯಾಂಡಿನಲ್ಲಿ ಗುಂಡ್ಲುಪೇಟೆ ಬಸ್ಸು ನಿಂತಿತ್ತು, ಡ್ರೈವರು ಮುಂದೆ ನಿಂತು ಬೀಡಿ ಸೇದುತ್ತಿದ್ದ. ಬಸ್ಸಿನ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ದೊಡ್ಡಮಾದಮ್ಮ ಇವಳನ್ನು ಕಂಡು ಏಳಲಿಲ್ಲ. ಮುಖ ತಿರುಗಿಸಲೂ ಇಲ್ಲ.

"ಅಜ್ಜಿ," ಎಂದಳು. ಹತ್ತಿರ ಬಂದಳು. ಮತ್ತೆ, "ಅಜ್ಜಿ, ಪೊಟ್ಟಣಕ್ಕೆ ಮೂರು ಚಮಚಾನೇ ಸರಿ. ಮೂರು ಅಂದಿದ್ದು ನಾನೇ. ಅದರಲ್ಲಿ... ಪೊಟ್ಟಣದಲ್ಲಿ ನಾವು ಹುರಿಗಡಲೆ ಹಿಟ್ಟು ಬೆರೆಸ್ತಿದ್ವಿ."

ಹೇಳಿಬಿಟ್ಟಿದ್ದಳು. ಆಕಾಶವೇನೂ ಬೀಳಲಿಲ್ಲ. ಮುದುಕಿ ಎಲೆಗೆ ಸುಣ್ಣ ಸವರುತ್ತಿದ್ದವಳು ಸವರುತ್ತಲೇ ಇದ್ದಳು.

"ಅದ ಹೇಳಾಕ ಇಷ್ಟ್ ದೂರ ಬಂದ್ಯಾ?" ಎಂದಳು. "ಹುಟ್ದಾಗಿಂದ ಕಡ್ಲೆ ಹುರ್ದೋಳು ನಾನು. ಬಿಸ್ನೀರ್ಗೆ ಹಾಕ್ದೇಟ್ಗೆ ಗಮ್ ಅಂತ ಬತ್ತಿತ್ತು ವಾಸ್ನೆ. ಮೊದಲ್ನೇ ದಿನವೇ ಗೊತ್ತು ನಂಗೆ."

"ಗೊತ್ತಿದ್ದೂ..."

"ಮಗೀಗ ಒಗ್ತಿತ್ತು. ಕಾಲೂತ ಇಳೀತಿತ್ತು. ಇನ್ನೇನಾಗ್ಬೇಕು? ಮನೇಲಿ ನಾನೇ ಹುರ್ದ್ ಕೊಟ್ರೆ ಸೊಸೆ ಕುಡ್ಸಾಕ ಬುಡ್ತಿದ್ಲಾ? ಡಾಕ್ಟ್ರು ಬರ್ದಿರೋದು ಅಂತ ಬುಟ್ಳು." ಎಲೆ ಮಡಿಸಿ ಬಾಯಿಗೆ ಇಟ್ಟುಕೊಂಡಳು.  "ಅದಲ್ಲ ಕಣವ್ವ ನಂಗ್ ತಿಳೀದಿರೋದು. ಅವತ್ತು ಈ ಡಬ್ಬ ಯಾಕ್ ಕೊಟ್ಟೆ? ನಾನ್ ಕೇಳಿದ್ನಾ?"

ಮರಿತಾಯಮ್ಮ ನೆಲ ನೋಡಿದಳು. ಬಸ್ಸಿನ ಎಣ್ಣೆ ತೊಟ್ಟಿಕ್ಕಿ ಮಣ್ಣು ಕಪ್ಪಾಗಿತ್ತು. "ನೀವು ಕೈಗುಣ ಅಂದ್ರಿ. ನನಗೆ... ನಿಮಗೆ ಒಳ್ಳೇದೇ ಕೊಡಬೇಕು ಅನ್ನಿಸ್ತು."

"ಔದಾ." ದೊಡ್ಡಮಾದಮ್ಮ ಇದೀಗ ಮೊದಲ ಸಲ ಅವಳನ್ನು ನೇರವಾಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಪೇಟೆಯ ವಸ್ತುವೊಂದನ್ನು ಕೈಲಿ ಹಿಡಿದು ಇದು ಯಾತಕ್ಕೆ ಬರುತ್ತದೆ ಎಂದು ತಿಳಿಯದೆ ನೋಡುವವರ ನೋಟ ಅದು. "ನಿನ್ ಪುಣ್ಯಕ್ಕೆ ನನ್ ಕೂಸೇ ಬೇಕಾಗಿತ್ತಾ?"

ಕಂಡಕ್ಟರು ಬಸ್ಸಿನ ಮೈ ತಟ್ಟಿ ತೆರಕಣಾಂಬಿ, ಗುಂಡ್ಲುಪೇಟೆ ಎಂದು ಕೂಗತೊಡಗಿದ. ಜನ ಮೂಟೆಗಳೊಂದಿಗೆ ಎದ್ದರು. ದೊಡ್ಡಮಾದಮ್ಮ ಮಂಡಿ ಹಿಡಿದುಕೊಂಡು ಎದ್ದಳು, ಡಬ್ಬವನ್ನು ಕಂಕುಳಿಗೆ ಸೇರಿಸಿದಳು, ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟವಳು ಅಲ್ಲೇ ನಿಂತು ತಿರುಗಿದಳು.

"ಇದ್ನ ಅವ್ರ ಮುಂದ ಅಂದಿದ್ರೆ ಆಗಿತ್ತು. ಅನ್ನಿಲ್ಲ. ಹೋಗ್ಲಿ ಬುಡು, ನಿಮ್ಮಪ್ಪನ ಮ್ಯಾಲೆ ಕೇಸಾಯ್ತದೆ, ಗೊತ್ತಾಯ್ತದೆ ನಂಗೂ. ಈಗ ಹತ್ತವ್ವ." ಖಾಲಿ ಇದ್ದ ಕೈಯನ್ನು ಚಾಚಿದಳು. "ಹತ್ತು. ಬಂದು ನನ್ ಸೊಸೆ ಮುಂದ ಒಂದೇ ಒಂದ್ ಮಾತ್ ಹೇಳು. ಮೂರು ಅಂತ ಹೇಳಿದ್ದು ನಾನು, ನಿಮ್ಮತ್ತೆ ಅಲ್ಲ ಅಂತ. ಕಡ್ಲೆ ಗಿಡ್ಲೆ ಏನೂ ಹೇಳ್ಬ್ಯಾಡ. ಸಂಜೆ ಬಸ್ಗೆ ನಾನೇ ಕರ್ಕಬಂದು ಹತ್ತುಸ್ತೀನಿ. ಎಂಟ್ ದಿನಾಯ್ತು ಕಣವ್ವ, ಮಗೀನ ಎತ್ಕಂಡು."

ಕೈ ಅವಳ ಮುಂದೆಯೇ ಇತ್ತು. ಹಿಡಿದರೆ ಸಾಕು, ಎಳೆದುಕೊಳ್ಳುತ್ತದೆ. ಗುಂಡ್ಲುಪೇಟೆಯಲ್ಲಿ ಇಳಿದು, ಅಲ್ಲಿಂದ ಹೊಲಗಳ ನಡುವೆ ನಡೆದು, ಯಾವುದೋ ಹಟ್ಟಿಯ ಮುಂದೆ ನಿಲ್ಲಬೇಕು. ಒಳಗಿನಿಂದ ಚಿಕ್ಕನಿಂಗಮ್ಮ ಬರುತ್ತಾಳೆ. ತನ್ನದೇ ವಯಸ್ಸಿನವಳು ಇರಬಹುದು. ಸೊಂಟದ ಮೇಲೆ ಮಗು. ಆ ಮಗು ತನ್ನನ್ನು ನೋಡುತ್ತದೆ. ಈವರೆಗೆ ಅವಳು ಆ ಮಗುವನ್ನು ನೋಡಿಯೇ ಇರಲಿಲ್ಲ ಎಂಬುದು ಹೊಳೆಯಿತು. ಪುಟ್ಟಮಾದು ಎಂದಾಗಲೆಲ್ಲ ಕಣ್ಣ ಮುಂದೆ ಬರುತ್ತಿದ್ದದ್ದು ಡಬ್ಬದ ಮೇಲಿನ ಬಿಳಿಯ ಮಗುವೇ. ಕಾಲು ಎತ್ತಬೇಕು ಎಂದುಕೊಂಡಳು. ಎತ್ತುತ್ತೇನೆ ಎಂದುಕೊಂಡಳು.

"ಅಂಗಡಿ..." ಎಂದಳು. "ಅಂಗಡಿ ತೆಗೆದಿದೆ."

ದೊಡ್ಡಮಾದಮ್ಮ ಇನ್ನೂ ಒಂದು ಕ್ಷಣ ಕಾದಳು. ಆಮೇಲೆ, ಅದು ಸರಿಯಾದ ಮಾತೇ ಎಂಬಂತೆ ತಲೆಯಾಡಿಸಿದಳು. "ಔದು. ಅಂಗಡಿ ತಗದದ." ಕೈ ಹಿಂದಕ್ಕೆ ಹೋಯಿತು. ಕಂಡಕ್ಟರು ಮುದುಕಿಯ ರೆಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡ, ಬಾಗಿಲು ಬಡಿಯಿತು, ಬಸ್ಸು ನಡುಗಿ ಹೊರಟಿತು. ಯಾವ ಕಿಟಕಿಯಲ್ಲಿ ಅವಳು ಕುಳಿತಳೋ ಕಾಣಲಿಲ್ಲ. ಧೂಳು ಎದ್ದು, ಮೆಲ್ಲಗೆ ಇಳಿದು, ಮರಿತಾಯಮ್ಮನ ಸೀರೆಯ ಮೇಲೆ, ರೆಪ್ಪೆಯ ಮೇಲೆ ಕೂತಿತು. ಅವಳು ಒರೆಸಿಕೊಳ್ಳಲಿಲ್ಲ. ಈಗ ಅಳು ಬರುತ್ತದೆ ಎಂದು ಕಾದಳು.

ಹೆಗಲ ಮೇಲೆ ಬಾಳೆಗೊನೆ ಹೊತ್ತ ಮುದುಕನೊಬ್ಬ ಏದುಸಿರು ಬಿಡುತ್ತ ಬಂದು ಅವಳ ಪಕ್ಕ ನಿಂತ. "ಅವ್ವಾ, ಗುಂಡ್ಲುಪೇಟೆ ಬಸ್ಸು ಓಯ್ತಾ?"

"ಹೋಯ್ತು."

"ಅಯ್ಯೋ, ಈಗ್ಲೇ ಓಯ್ತಾ?"

"ಈಗಲೇ."

ಮುದುಕ ಗೊನೆಯನ್ನು ಇಳಿಸಿ, ಅದರ ಪಕ್ಕದಲ್ಲಿ ಕುಳಿತು, ಬಿಸಿಲನ್ನು ಶಪಿಸಿದ. ಗೊನೆಯ ಕೆಳಗಿನ ಒಂದೆರಡು ಹಣ್ಣಾಗಿದ್ದವು. ಆ ವಾಸನೆ ಮೂಗಿಗೆ ಬಡಿದಾಗ ಮರಿತಾಯಮ್ಮನ ಬಾಯಲ್ಲಿ ನೀರೂರಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಹೊಟ್ಟೆ ಹಸಿದಿತ್ತು, ಬಹಳ ಹಸಿದಿತ್ತು. ಆ ಹಸಿವನ್ನು ಬಿಟ್ಟು ಒಳಗೆ ಬೇರೇನಾದರೂ ಇದೆಯೇ ಎಂದು ಅವಳು ನಿಂತಲ್ಲೇ ನಿಂತು ಹುಡುಕುತ್ತಿದ್ದಳು.